ಎರಡನೆಯ ಪೆಟ್ಟಿಗೆಯ ಹೆಸರು

ಮೆಲ್ಲಿ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಮೊರಿ ಕಾರ್ಡಿನ ಹಳದಿ ಹಲ್ಲುಗಳನ್ನು ಉಜ್ಜುತ್ತಿದ್ದಳು. ಒಂದು ಮುಗಿಯಿತು. ಊದಿ, ಬಟ್ಟೆಯಲ್ಲಿ ಒರೆಸಿ, ಇನ್ನೊಂದನ್ನು ಎತ್ತಿಕೊಂಡಳು. ಎದುರಿಗೆ ಮಾವ ಉದ್ದನೆಯ ವೈರನ್ನು ಸುತ್ತುತ್ತಿದ್ದ. ಅಂಗಡಿಯ ಬಾಗಿಲಲ್ಲಿ, ದಾರಿ ತೋರಿಸಲು ಬಂದಿದ್ದ ಬಂಡೆತಾತ ಹಗ್ಗವನ್ನು ಮೊಳಮೊಳವಾಗಿ ಜಗ್ಗಿ ನೋಡುತ್ತಿದ್ದ. ಗೋಡೆಗೆ ನೇತುಹಾಕಿದ್ದ ಕೀಲಿಕೈಗಳು ಗಾಳಿಗೆ ಕಿಣಿಕಿಣಿ ಎಂದವು.

ಎಲ್ಲರ ತಲೆಯಲ್ಲೂ ಒಂದೇ ಯೋಚನೆ. ಹೊಳೆಯ ನಡುವೆ ಸೇತುವೆಯ ಕಂಬಕ್ಕೆಂದು ತೋಡಿದ ಗುಂಡಿಯಲ್ಲಿ ಮೂವತ್ತು ಜನ ದುಡಿಯುತ್ತಿದ್ದರು. ಸರಳು ಬೆಸೆಯುವ ಮೆಲ್ಲಿಯ ಅಕ್ಕನೂ ಅವರಲ್ಲೊಬ್ಬಳು. ಬೆಟ್ಟದಲ್ಲಿ ಮಳೆಯಾದರೆ, ಹೊಳೆ ಹರಿದು ಬರುವ ಮೇಲಿನ ಕಂದಕದಲ್ಲಿ ನೀರು ಏರುವುದನ್ನು ಎರಡು ಪೆಟ್ಟಿಗೆಗಳು ಅಳೆದು, ಕೆಲಸದ ಜಾಗದ ಸೈರನ್ನಿಗೆ ರೇಡಿಯೊದಲ್ಲಿ ತಿಳಿಸಬೇಕು. ಪೆಟ್ಟಿಗೆಯೊಳಗೆ ಅಂಗೈಯಗಲದ ಕಂಪ್ಯೂಟರ್. ಮೊದಲು ಹಾಕಿದ್ದ ಸಿಸ್ಟಂ ಅದರ ಶಕ್ತಿಗೆ ಮೀರಿದ ಭಾರವಾಗಿ, ಎರಡೂ ಪೆಟ್ಟಿಗೆಗಳು ಮಲಗಿಬಿಟ್ಟಿದ್ದವು. ಮಾವ ಹಗುರವಾದ ಲಿನಕ್ಸ್ ಸಿಸ್ಟಂ ಒಂದನ್ನು ಹೊಂದಿಸಿ ಕಾರ್ಡಿಗೆ ಬರೆದಿದ್ದ. ಹನ್ನೆರಡೇ ಸೆಕೆಂಡಿಗೆ ಎದ್ದು ಕೂರುವಂಥದ್ದು. ಒಂದೊಂದು ಪೆಟ್ಟಿಗೆ ಎದ್ದಾಗಲೂ ಸೈರನ್ ಒಮ್ಮೆ ಚಿಕ್ಕದಾಗಿ ಕೂಗುತ್ತದೆ. ಆ ದಿನ ಎರಡು ಕೂಗು ಕೇಳಿದ ಮೇಲೆಯೇ ಕೆಲಸದವರು ಗುಂಡಿಗೆ ಇಳಿಯುವುದೆಂದು ಮಾತಾಗಿತ್ತು.

"ಎರಡೂ ಕಾರ್ಡು ತದ್ರೂಪು," ಎಂದ ಮಾವ. ರೇಡಿಯೊ, ಕಂಪ್ಯೂಟರ್ ಎಲ್ಲ ಅವನ ಕೈಗೆ ಬಂದದ್ದು ಈಚೆಗೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಕೀಲಿಕೈ ನಕಲು ಮಾಡಿದವನು. "ಒಂದನ್ನ ಮಾಡಿ ಇನ್ನೊಂದನ್ನ ಹಾಗೇ ಇಳಿಸಿದೀನಿ. ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ."

"ನೀನು ಮಾಡಿಕೊಟ್ಟ ಕೀಲಿಕೈಲಿ ನಮ್ಮನೆ ಬಾಗಿಲು ತೆಗೀಬೇಕಾದ್ರೆ ಭುಜಾನೂ ಕೊಡಬೇಕು ಕಣಯ್ಯ," ಎಂದ ತಾತ.

"ಅದು ಬಾಗಿಲಿನ ತಪ್ಪು. ಏಳು ಮೇಲೆ."

ಮೆಲ್ಲಿ ನಗು ಬಾಯೊಳಗೇ ಅದುಮಿಕೊಂಡು ಕಾರ್ಡುಗಳನ್ನು ಡಬ್ಬಿಗೆ ಹಾಕಿದಳು.

ಕಂದಕದ ಬಾಯಲ್ಲಿ ಬಿಸಿಲಿತ್ತು. ಒಳಹೊಕ್ಕಂತೆ ಎರಡೂ ಬದಿಯ ಕಲ್ಲಿನ ಗೋಡೆಗಳು ಹತ್ತಿರ ಸರಿದು, ಆಕಾಶ ಒಂದು ರಿಬ್ಬನ್ನಿನಷ್ಟಕ್ಕೆ ಇಳಿಯಿತು. ಬಂಡೆಗಳ ಮೇಲೆ ಹಾವಸೆ, ಸಂದುಗಳಲ್ಲಿ ಜರಿಗಿಡ, ಎಲ್ಲೋ ತೊಟ್ಟಿಕ್ಕುವ ಸದ್ದು. ಹೊಳೆ ಮೊಣಕಾಲಿನಷ್ಟು ಆಳವಿದ್ದು, ತಳದ ಒಂದೊಂದು ಕಲ್ಲೂ ಕಾಣುವಷ್ಟು ತಿಳಿಯಾಗಿತ್ತು. ಇದೇ ನೀರು ಅಕ್ಕನ ಗುಂಡಿಗೆ ನುಗ್ಗೀತೆಂದು ನಂಬುವುದು ಕಷ್ಟವಾಗಿತ್ತು. ಮುಂದೆ ತಾತ ಕೋಲಿನಿಂದ ಕಲ್ಲು ತಟ್ಟುತ್ತ, ಅಲುಗುವ ಕಲ್ಲಿಗೆಲ್ಲ ಬೈಯುತ್ತ ದಾರಿ ಮಾಡಿದ. ಮೊಬೈಲು ಮೊದಲ ತಿರುವಿನಲ್ಲೇ ಸುಮ್ಮನಾಗಿತ್ತು.

ಕೆಳಗಿನ ಪೆಟ್ಟಿಗೆ ಗುಹೆಯ ಬಾಯಲ್ಲಿತ್ತು. ಮಾವ ಕಾರ್ಡು ಕೂರಿಸಿದ. ಮೆಲ್ಲಿ ಲ್ಯಾಪ್‌ಟಾಪ್ ಹಿಡಿದಳು. ಏಳನೇ ತರಗತಿಗೇ ಶಾಲೆ ಬಿಟ್ಟವಳಿಗೆ ಪರದೆಯ ಮೇಲೆ ಹರಿಯುವ ಇಂಗ್ಲಿಷ್ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೆ ಯಾವ ಸಾಲು ಬಂದಾಗ ಮಾವ ಉಸಿರು ಬಿಡುತ್ತಾನೆ, ಏನನ್ನು ಬದಲಿಸಲು ಅವನ ಬೆರಳು ಯಾವ ಕೀಲಿಗಳ ಮೇಲೆ ಓಡುತ್ತದೆ ಎಂಬುದನ್ನು ವರ್ಷದಿಂದ ನೋಡಿದ್ದಳು. ಕೊನೆಯ ಸಾಲು ಬಂತು: ಪೆಟ್ಟಿಗೆಯ ಹೆಸರು, ಅದರ ಮುಂದೆ ಒಂದು ಎಂಬ ಅಂಕಿ. ದೂರದಲ್ಲಿ ಸೈರನ್ ಕೂಗಿತು.

ಮೇಲಿನ ಪೆಟ್ಟಿಗೆಗೆ ಎರಡು ತಾಸಿನ ಏರು. ಅದು ಜಲಪಾತದ ಪಕ್ಕ, ಬಂಡೆಯ ಅಂಚಿನಿಂದ ಎರಡಾಳು ಕೆಳಗೆ ಚಾಚಿಕೊಂಡಿದ್ದ ಕಲ್ಲಿನ ಮೇಲಿತ್ತು. ತಾತ ಹಗ್ಗವನ್ನು ಮರಕ್ಕೆ ಸುತ್ತಿ ಮಾವನನ್ನು ಇಳಿಸಿದ. ವೈರಿನ ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ಮೇಲೆ ಮೆಲ್ಲಿಯ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ.

"ಎದ್ದಿತಾ?" ಮಾವ ಕೂಗಿದ.

ಸಾಲುಗಳು ಹರಿದು ನಿಂತವು. ಕೊನೆಯ ಸಾಲಿನಲ್ಲಿ ಮತ್ತೆ ಒಂದು.

ಮೆಲ್ಲಿ ಬಾಯಿ ತೆರೆದಳು. ಅಷ್ಟರಲ್ಲಿ ಎರಡನೆಯ ಕೂಗು ಕೇಳಿಸಿತು. ಮಾವ ಕೆಳಗೇ ಎರಡು ಹೆಜ್ಜೆ ಕುಣಿದ.

"ಎದ್ದಿತು," ಎಂದಳು ಅಷ್ಟೇ.

ವೈರು ಕಿತ್ತು, ಪೆಟ್ಟಿಗೆ ಮುಚ್ಚಿ ಇಳಿಯತೊಡಗಿದರು. ಮಾವ ಶಿಳ್ಳೆ ಹಾಕುತ್ತಿದ್ದ. ಅವನಿಗೆ ಗೊತ್ತಿಲ್ಲದ್ದು ತನಗೇನು ಗೊತ್ತು ಎಂದುಕೊಂಡಳು ಮೆಲ್ಲಿ. ಮತ್ತೂ ಎರಡು ತಿರುವು ಇಳಿದಳು. ಅಕ್ಕ ಈಗ ಏಣಿಯಲ್ಲಿ ಇಳಿಯುತ್ತಿರುತ್ತಾಳೆ. ಹಿಂದೆ ಶಿಖರದ ಮೇಲೆ ಮೋಡ ಕಪ್ಪಾಗಿತ್ತು.

"ಮಾವ."

ಶಿಳ್ಳೆಯಲ್ಲಿ ಅದು ಮುಳುಗಿತು.

"ಮಾವಾ! ಎರಡರಲ್ಲೂ ಒಂದು ಅಂತಾನೇ ಬಂತು!"

ಮಾವ ನಿಂತ. "ಅಯ್ಯೋ... ಹೆಸರನ್ನೂ ನಕಲು ಮಾಡಿಬಿಟ್ಟೆನಾ!"

"ಅದರಿಂದ ಏನಾಗುತ್ತೆ?" ಎಂದ ತಾತ.

"ಮೇಲಿನದು ನೀರು ಬಂತು ಅನ್ನುತ್ತೆ. ಮರುಗಳಿಗೆ ಕೆಳಗಿನದು ಏನೂ ಇಲ್ಲ ಅನ್ನುತ್ತೆ. ಹೆಸರು ಒಂದೇ ಆದ್ರೆ ಸೈರನ್ನಿಗೆ ಎರಡೂ ಒಂದೇ ಪೆಟ್ಟಿಗೆ. ಕೊನೆಗೆ ಕೇಳಿದ್ದನ್ನ ನಂಬಿ ಸುಮ್ಮನಿರುತ್ತೆ." ಮಾವ ಮೆಲ್ಲಿಯತ್ತ ತಿರುಗಿದ. "ಆಗಲೇ ಯಾಕೆ ಹೇಳಲಿಲ್ಲ ಪುಟ್ಟಾ?"

"ನೀನು ಕುಣೀತಿದ್ದೆ."

ಊರಿಗೆ ಓಡಿದರೆ ಮೂರು ತಾಸು. ಮೇಲಕ್ಕೆ ಹತ್ತಿದರೆ ಕಾಲು ತಾಸು. ಮೂವರೂ ಮೇಲಕ್ಕೆ ತಿರುಗಿದರು.

ಜಲಪಾತ ಈಗ ಕೆಂಪಾಗಿತ್ತು.

ಮಾವ ಜಾರುತ್ತಲೇ ಇಳಿದ. ವೈರು ಚುಚ್ಚಿದ. ತೇವಕ್ಕೆ ಅದು ನಿಲ್ಲಲೊಲ್ಲದು. ಎರಡೂ ಕೈಯಿಂದ ಒತ್ತಿ ಹಿಡಿದ. ಏನು ಒತ್ತಬೇಕೆಂದು ಹೇಳಲು ಬಾಯಿ ಆಡಿಸಿದ. ನೀರಿನ ಅಬ್ಬರದಲ್ಲಿ ಒಂದಕ್ಷರವೂ ಕೇಳಲಿಲ್ಲ.

ಮೆಲ್ಲಿ ಕಣ್ಣು ಮುಚ್ಚಿದಳು. ಅಂಗಡಿಯ ಮೇಜು, ಮಾವನ ದಪ್ಪ ಬೆರಳು. ಮೊದಲು ಎಲ್ಲಿ? ಆಮೇಲೆ ಎಲ್ಲಿ? ಕಣ್ಣು ತೆರೆದು ಒತ್ತತೊಡಗಿದಳು. ಒಂದು ಅಕ್ಷರ ತಪ್ಪಿತು. ಅಳಿಸಿದಳು. ಮತ್ತೆ ಒತ್ತಿದಳು.

ನೀರು ಮಾವನ ಪಾದ ಮುಟ್ಟಿತು.

"ಎಳೀಲಾ?" ತಾತ ಹಗ್ಗ ಬಿಗಿದ.

ಹೆಸರಿನ ಸಾಲು ತೆರೆಯಿತು. ಒಂದನ್ನು ಅಳಿಸಿದಳು. ಎರಡು ಎಂದು ಒತ್ತಿದಳು. ಇನ್ನೂ ಉಳಿಸಬೇಕು.

ನೀರು ಮೊಣಕಾಲಿಗೆ ಬಂತು.

"ಎಳೀತೀನಿ ಕಣೇ!"

"ಬೇಡ! ತಾತ, ಇನ್ನೂ ಬೇಡ!" ಅವಳ ಗಂಟಲಿನಿಂದ ಅಂಥ ದನಿಯನ್ನು ತಾತ ಎಂದೂ ಕೇಳಿರಲಿಲ್ಲ. ಅವನ ಕೈ ನಿಂತಿತು.

ಉಳಿಸಿದಳು. ಮತ್ತೆ ಎಬ್ಬಿಸಿದಳು. ಹನ್ನೆರಡು ಸೆಕೆಂಡನ್ನು ಬೆರಳಲ್ಲಿ ಎಣಿಸಿದಳು. ಕೊನೆಯ ಸಾಲು ಬಂತು. ಎರಡು.

"ಎಳೀರಿ!"

ಪೆಟ್ಟಿಗೆಯ ಮುಚ್ಚಳ ಗುದ್ದಿ ಮುಚ್ಚಿದ ಮಾವ ಹಗ್ಗಕ್ಕೆ ಜೋತುಬಿದ್ದ. ಮೇಲೆ ಬಂದು ಬಿದ್ದವನ ಚಪ್ಪಲಿ ಒಂದೇ ಉಳಿದಿತ್ತು. ಸೈರನ್ ಚಿಕ್ಕದಾಗಿ ಕೂಗಿ ನಿಂತಿತು. ಆಮೇಲೆ ಅದು ಶುರುವಾಯಿತು, ಉದ್ದಕ್ಕೆ, ನಿಲ್ಲದೆ, ಇಡೀ ಕಂದಕ ತುಂಬುವಂತೆ.

ಮಾವ ಮಲಗಿದಲ್ಲೇ ನಕ್ಕ. ತಾತ ಮುಖ ಒರೆಸಿಕೊಂಡು, "ಹಾಳು ಮಳೆ," ಎಂದ. ಮಳೆ ಅಲ್ಲಿಗೆ ಇನ್ನೂ ಬಂದಿರಲಿಲ್ಲ.

ಹೊಳೆಯ ದಾರಿ ಮುಚ್ಚಿತ್ತು. ಬೆಟ್ಟದ ನೆತ್ತಿ ಬಳಸಿ, ಮುಳ್ಳಿಗೆ ಬಟ್ಟೆ ಕೊಟ್ಟು, ಮಾವನ ಬರಿಗಾಲಿಗೆ ಮೆಲ್ಲಿಯ ದುಪಟ್ಟಾ ಸುತ್ತಿ, ಕುಂಟುತ್ತ ಇಳಿಯುವಷ್ಟರಲ್ಲಿ ಸಂಜೆಯಾಗಿತ್ತು. ಗುಂಡಿಯ ಜಾಗದಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು. ಏಣಿಯ ಮೇಲಿನ ಎರಡು ಮೆಟ್ಟಿಲು ಮಾತ್ರ ಕಾಣುತ್ತಿತ್ತು. ದಡದಲ್ಲಿ ಮೂವತ್ತು ಜನರಿದ್ದರು. ಮೆಲ್ಲಿ ಎರಡು ಸಲ ಎಣಿಸಿದಳು.

ಅಕ್ಕ ಓಡಿ ಬಂದು ಅವಳ ಕೆನ್ನೆ ಹಿಂಡಿದಳು. "ಏನೇ ಇದು ಅವತಾರ? ಮೈತುಂಬ ಕೆಸರು! ಇವಳೇನು ಮಾಡಿದಳು ಮಾವ ಅಲ್ಲಿ?"

"ಕೂಗಿದಳು," ಎಂದ ಮಾವ.

"ಇವಳಾ? ಸುಳ್ಳು!"

ಹಿಂತಿರುಗುವ ವ್ಯಾನಿನಲ್ಲಿ ತಾತ ಹಗ್ಗದ ಸುರುಳಿಗೆ ತಲೆಯಿಟ್ಟ. ಅಕ್ಕ ಮೆಲ್ಲಿಯ ಭುಜಕ್ಕೆ ಒರಗಿದಳು. ಎದುರಿನ ಸೀಟಿನಲ್ಲಿ ಮಾವ, ದುಪಟ್ಟಾ ಸುತ್ತಿದ ಕಾಲನ್ನು ಮುಂದೆ ಚಾಚಿ, ಕಾರ್ಡುಗಳ ಖಾಲಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಕೂತಿದ್ದ. ಮೆಲ್ಲಿ ಅದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, ವ್ಯಾನಿನ ಸದ್ದಿಗೆ ಮೀರಿ ಕೇಳುವ ಹಾಗೆ ಹೇಳಿದಳು:

"ಮಾವ, ಮುಂದಿನ ಸಲ ಕಾರ್ಡು ಬರೆಯೋಕೆ ನಂಗೆ ಕೊಡು."

ಮಾವನ ಗೊರಕೆ ಆಗಲೇ ಶುರುವಾಗಿತ್ತು.