ಅಥಣಿಯ ಡ್ರಮ್‌ಸೆಟ್ಟಿನ ಕಪ್ಪು ಬಿಲ್ಲೆ

ಅಂಗಡಿಯ ಮೆಟ್ಟಿಲು ಹತ್ತಿ ಬಂದ ಶೇವಂತಾ ಕುಳಿತುಕೊಳ್ಳಲೂ ಇಲ್ಲ. "ಬಾಯಾರ, ನನ್ನ ಮಗ ಕಳ್ಳ ಅಲ್ರಿ. ಅಷ್ಟ ನೀವು ಮಂದಿ ಮುಂದ ಹೇಳಬೇಕು," ಎಂದಳು.

ನಿಪ್ಪಾಣಿಯ ರಾಜಮತಿಬಾಯಿಯ ವಾದ್ಯದಂಗಡಿ ಸುತ್ತಲಿನ ಬ್ಯಾಂಡಿನವರಿಗೆಲ್ಲ ಗೊತ್ತು. ಹಳೆಯ ಡ್ರಮ್ ಯಾವ ಕಾಲದ್ದು, ಅಸಲಿಯೋ ನಕಲಿಯೋ, ಎಷ್ಟು ಬೆಲೆ ಬಾಳುತ್ತದೆ ಎಂಬುದರಲ್ಲಿ ಆಕೆಯದೇ ಕೊನೆಯ ಮಾತು. ಆ ಕಣ್ಣನ್ನು ನಂಬಿ ಜನ ಬೇರೆ ಗೋಜಲುಗಳನ್ನೂ ಆಕೆಯ ಬಳಿಗೆ ತರುತ್ತಿದ್ದರು. ಅಂಥ ಕಡೆಗೆಲ್ಲ ಜತೆ ಹೋಗುತ್ತಿದ್ದವರು ನೆರೆಮನೆಯ ನಿವೃತ್ತ ಮಾಸ್ತರ ದಾದಾಸಾಹೇಬರು. ೨೦೧೨ರ ಬೇಸಿಗೆಯ ಆ ದಿನವೂ ಅವರು ಅಂಗಡಿಯಲ್ಲೇ ಪೇಪರು ಓದುತ್ತಿದ್ದರು.

ಶೇವಂತಾ ಕಬ್ಬೂರಿನವಳು. ಅವಳ ಮಗ ವಿಕ್ರಾಂತನಿಗೆ ಡ್ರಮ್ ಕಲಿಸಿದವರು ಅಥಣಿಯ ವಿರುಪಾಕ್ಷಪ್ಪ. ದ್ರಾಕ್ಷಿ ತೋಟದ ಒಡೆಯರಾದರೂ ಹರೆಯದಲ್ಲಿ ಆರ್ಕೆಸ್ಟ್ರಾ ಕಟ್ಟಿ ಗಡಿಯ ಎರಡೂ ಕಡೆ ಹೆಸರು ಮಾಡಿದವರು. ಅರವತ್ತರ ದಶಕದ ವಿಲಾಯತಿ ಡ್ರಮ್‌ಸೆಟ್ಟೊಂದು ಅವರಲ್ಲಿತ್ತು. ಲಕ್ವಾ ಹೊಡೆದು ಅವರ ಎಡಗೈ ಬಿದ್ದ ಮೇಲೆ ಅದನ್ನು ಒರೆಸಿ, ಬಿಗಿ ಮಾಡಿ ಇಡುತ್ತಿದ್ದವನು ವಿಕ್ರಾಂತ. ಈಚೆಗೆ ಪುಣೆಯಿಂದ ಬಂದ ಸಂಗ್ರಾಹಕನೊಬ್ಬ ಸೆಟ್ಟು ನೋಡಿ, ಎದುರಿಗಿಟ್ಟು ಬಾರಿಸುವ ಸ್ನೇರ್ ಡ್ರಮ್ ನಕಲಿ, ಅದರ ಮೇಲಿನ ಕಂಪನಿಯ ಬಿಲ್ಲೆ ಮಾತ್ರ ಅಸಲಿ ಎಂದುಬಿಟ್ಟ. ವಿಕ್ರಾಂತನೇ ಅಸಲಿ ಡ್ರಮ್ ಮಾರಿಕೊಂಡನೆಂದು ವಿರುಪಾಕ್ಷಪ್ಪ ಓಣಿಯ ಮಂದಿಯೆದುರು ಅವನನ್ನು ಹೊರಗೆ ಹಾಕಿದರು.

"ಆವತ್ತಿಂದ ಅಂವ ಬಾರಿಸೋ ಕಟಗಿ ಮುಟ್ಟಿಲ್ರಿ. ಆ ಮನ್ಯಾಗ ಓಡಾಡೋ ಮಂದಿ ಭಾಳ ಅದಾರ. ಬೆರಳು ಮಾತ್ರ ನಮ್ಮ ಕಡೇನ ಬಂತು," ಎಂದಳು ಶೇವಂತಾ.

ಮರುದಿನ ರಾಜಮತಿ, ದಾದಾಸಾಹೇಬರು ಅಥಣಿಗೆ ಹೋದರು. ವಿರುಪಾಕ್ಷಪ್ಪನವರ ಮಗ ಭರತ ಪಡಸಾಲೆಗೆ ಒಂದೊಂದೇ ಡ್ರಮ್ ತಂದಿಟ್ಟ. ಅವನಿಗೆ ನಲವತ್ತರ ಹತ್ತಿರ. ತೋಟ, ಒಣದ್ರಾಕ್ಷಿಯ ಶೆಡ್ಡು ಎಲ್ಲ ಅವನದೇ ಉಸ್ತುವಾರಿ.

ರಾಜಮತಿ ದೊಡ್ಡ ಡ್ರಮ್ಮಿನ ಮೈಗೆ ಕೂರಿಸಿದ್ದ, ಚರ್ಮ ಬಿಗಿಯುವ ಲೋಹದ ಹಿಡಿಯೊಂದನ್ನು ಬಿಚ್ಚಿದಳು. ಹೊರಗೆಲ್ಲ ಹಳದಿಗೆ ತಿರುಗಿದ್ದ ಮುತ್ತಿನ ಹೊಳಪಿನ ಹೊದಿಕೆ ಅದರ ಕೆಳಗೆ ಹಾಲಿನಂತೆ ಬಿಳಿ ಉಳಿದಿತ್ತು. "ಇದು ಖರೇನ ಹಳೇದು, ಮಾಸ್ತರ. ಬಿಸಲು ತಾಗದ ಜಾಗಾ ಸುಳ್ಳ ಹೇಳಂಗಿಲ್ಲ."

ಆಮೇಲೆ ಸ್ನೇರ್ ಡ್ರಮ್ಮಿನ ಬಿಲ್ಲೆಯ ಅಂಚನ್ನು ಮೆಲ್ಲಗೆ ಎತ್ತಿದಳು. ಕೆಳಗಿನ ಬಣ್ಣಕ್ಕೂ ಸುತ್ತಲಿನ ಬಣ್ಣಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಬೇರೆ ಡ್ರಮ್ಮುಗಳ ಹಿತ್ತಾಳೆ ಬಿಲ್ಲೆ ಇನ್ನೂ ಹಳದಿ, ಇದು ಕರ್ರಗಾಗಿತ್ತು. ಉಳಿದ ಬಿಲ್ಲೆಗಳನ್ನು ಡ್ರಮ್ಮಿಗೆ ಹಿಡಿದಿಟ್ಟಿದ್ದ ನಡುವಿನ ರಿಂಗು ಸವೆದ ಹಿತ್ತಾಳೆಯದು. ಇದರದು ಹೊಚ್ಚ ಹೊಸ ಬಿಳಿ ರಿಂಗು.

"ಈ ಸೆಟ್ ಮುಂದ ಯಾರಿಗಂತ ಮಾಡಿದ್ರಿ?" ಎಂದು ಕೇಳಿದಳು.

"ವಿಕ್ರಾಂತಗ ಕೊಡಾಂವ ಇದ್ದೆ," ಎಂದರು ವಿರುಪಾಕ್ಷಪ್ಪ. "ಅಂವಗ ಹೇಳಿರಲಿಲ್ಲ. ಮನ್ಯಾಗಷ್ಟ ಹೇಳಿದ್ದೆ."

ಅವರ ಹೆಂಡತಿ ಸಕ್ಕುಬಾಯಿ ತಟ್ಟೆಯಲ್ಲಿ ಒಣದ್ರಾಕ್ಷಿ ತಂದಿಟ್ಟಳು. ರಾಜಮತಿ ಒಂದನ್ನು ಬಾಯಿಗೆ ಹಾಕಿಕೊಂಡು, ಶೆಡ್ಡು ನೋಡಬೇಕೆಂದಳು. ಭರತ ಒಲ್ಲದ ಮನಸ್ಸಿನಿಂದ ಕರೆದೊಯ್ದ. ನೆರಳಿಗೆ ಕಟ್ಟಿದ ಹಸಿರು ಬಲೆಯ ಅಂಚಿಗೆಲ್ಲ ಬಿಳಿ ರಿಂಗುಗಳು. ಅವನ್ನು ಒತ್ತುವ ಯಂತ್ರ ಮೂಲೆಯಲ್ಲಿತ್ತು. ಪಕ್ಕದಲ್ಲಿ ಹಣ್ಣಿಗೆ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವ ಕೋಣೆ.

"ಅದರಾಗ ಹೋಗಬ್ಯಾಡ್ರಿ, ಹೊಗಿ ಐತಿ," ಎಂದ ಭರತ.

ದಾದಾಸಾಹೇಬರು ಬಾಗಿಲು ಮುಟ್ಟಿ ನೋಡಿದರು. ತಣ್ಣಗಿತ್ತು. ಹೊಗೆಯ ಸುಳಿವೇ ಇರಲಿಲ್ಲ.

ರಾಜಮತಿ ಹೇಳಿಕಳಿಸಿದಂತೆ ಮಧ್ಯಾಹ್ನ ಶೇವಂತಾ, ವಿಕ್ರಾಂತ ಬಂದರು. ವಿಕ್ರಾಂತ ಹೊಸ್ತಿಲ ಹೊರಗೇ ನಿಂತ. ರಾಜಮತಿ ಕೈಹಿಡಿದು ಒಳಗೆ ಕರೆದು ಕೂರಿಸಿ, ಮಾತು ಶುರು ಮಾಡಿದಳು.

"ಹಳೇ ಡ್ರಮ್ಮಿಗೆ ಬಿಲ್ಲೇನ ಜೀವ. ಬಿಲ್ಲಿ ಹೋತಂದ್ರ ಅರ್ಧ ಬೆಲಿ ಹೋತು. ಮಾರಾಕಂತ ಕದ್ದಾಂವ ಅದನ್ನ ಬಿಟ್ಟು ಹೋಗತಾನೇನು? ಅಂದಮ್ಯಾಲ ಇದು ಮಾರಾಕ ಮಾಡಿದ್ದಲ್ಲ. ಬಿಲ್ಲಿ ಕೆಳಗ ಬಿಳಿ ಗುರುತಿಲ್ಲ. ಅಂದ್ರ ಮೊನ್ನೆ ಮೊನ್ನೆ ಕೂಡಿಸ್ಯಾರ. ಆ ರಿಂಗು ಶೆಡ್ಡಿನ ಬಲಿಗೆ ಹಾಕೋ ರಿಂಗು. ಹಿತ್ತಾಳಿ ಕರ್ರಗಾಗಿದ್ದು ಗಂಧಕದ ಹೊಗಿಗೆ. ಬಿಲ್ಲಿ ಬಿಚ್ಚೂಕಿಂತ ಮೊದಲ ಅಸಲಿ ಡ್ರಮ್ ಶೆಡ್ಡಿನ ಹೊಗಿ ಕ್ವಾಣ್ಯಾಗ ಇತ್ತು. ಸೆಟ್ ವಿಕ್ರಾಂತಗ ಹೋಗತೈತಿ ಅನ್ನೂದು ಮನಿಯವರಿಗಷ್ಟ ಗೊತ್ತಿತ್ತು. ಹೊಗಿ ಇಲ್ಲದ ಕ್ವಾಣ್ಯಾಗ ಹೊಗಿ ಐತಿ ಅಂದಾಂವ ಒಬ್ಬನ. ಹೌದಲ್ಲ, ಭರತಪ್ಪಾ?"

ಭರತ ಎದ್ದು ಹೋದ. ಓಡಿಹೋದನೆಂದು ದಾದಾಸಾಹೇಬರು ಗಾಬರಿಯಾದರು. ಆದರೆ ಅವನು ಗೋಣಿಚೀಲದಲ್ಲಿ ಸುತ್ತಿದ ಡ್ರಮ್ ತಂದು ತಂದೆಯ ಮುಂದಿಟ್ಟ. ಗಂಧಕದ ಹೊಗೆಗೆ ಹೊದಿಕೆ ಉಬ್ಬಿ ಸುಲಿದಿತ್ತು. ಲೋಹದ ಬಳೆಗಳನ್ನು ತುಕ್ಕು ತಿಂದಿತ್ತು.

"ಮಾರಾಕ ತಗೀಲಿಲ್ಲ, ಅಪ್ಪಾ. ಅಂವಗ ಹೋಗಬಾರದಂತ ತಗದೆ. ಅಂವ ಕಬ್ಬೂರಿಗೆ ಹೋಗಿದ್ದಾಗ ಮಿರಜದಿಂದ ಇಂಥಾದ ಒಂದು ತಂದು ಬಿಲ್ಲಿ ಹಚ್ಚಿಟ್ಟೆ. ಅಂವ ತಿರಗಿ ಬರೂದರಾಗ ಪುಣೆದಾಂವ ಬಂದ. ಸಣ್ಣಾಂವಿದ್ದಾಗ ನಾ ಎಷ್ಟ ಸಲ ಕಲಸು ಅಂದೆ? ತ್ವಾಟಾ ನೋಡ್ಕೊ ಅಂದಿ. ಒಂದ ದಿನಾನೂ ಮುಟ್ಟಗೊಡಲಿಲ್ಲ."

"ಮತ್ತ ಅಂವಗ ಕಳ್ಳ ಅಂದಾಗ ಬಾಯಿ ಮುಚಗೊಂಡ ನಿಂತಿದ್ದೆಲ್ಲೋ!" ಎಂದು ಸಕ್ಕುಬಾಯಿ ಅತ್ತಳು.

"ಬಾಯಾರ, ಇದು ಸುಧಾರಿಸತೈತೇನ್ರಿ?" ಎಂದು ಕೇಳಿದರು ವಿರುಪಾಕ್ಷಪ್ಪ.

ರಾಜಮತಿ ಡ್ರಮ್ಮಿನೊಳಗೆ ಕೈಯಾಡಿಸಿದಳು. ಕಟ್ಟಿಗೆಯ ಪದರು ಬಿಟ್ಟುಕೊಂಡಿತ್ತು. "ಅಸಲಿ ಐತಿ ಅಂತ ಹೇಳಬಲ್ಲೆ. ಅಷ್ಟ."

ವಿರುಪಾಕ್ಷಪ್ಪ ಕೋಲೂರಿ ಎದ್ದು ವಿಕ್ರಾಂತನ ಬಳಿ ಬಂದರು. "ತಪ್ಪಾತಪಾ. ಉಳದ ಸೆಟ್ ನಿನಗ. ಒಯ್ಯಿ."

ವಿಕ್ರಾಂತ ಬಗ್ಗಿ ಅವರ ಕಾಲು ಮುಟ್ಟಿದ. "ನೀವು ನನಗ ಒಮ್ಮಿ ಕೇಳಬೇಕಾಗಿತ್ರಿ, ಗುರುಗಳ. ಕೇಳಿದ್ರ ಸಾಕಿತ್ತು. ಸೆಟ್ ಭರತಣ್ಣಗ ಕೊಡ್ರಿ. ಅಂವಗ ಬೇಕಾಗಿತ್ತು."

ತಾಯಿ ಮಗ ಹೊರಟುಹೋದರು. ಶೇವಂತಾಳ ಮೊಗದಲ್ಲಿ ಗೆಲುವಿರಲಿಲ್ಲ. ರಾಜಮತಿಯೂ ಚಪ್ಪಲಿ ಮೆಟ್ಟಿಕೊಂಡಳು. ದಾದಾಸಾಹೇಬರು ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿದರು. ವಿರುಪಾಕ್ಷಪ್ಪ ಬಲಗೈಯಿಂದ ಬಾರಿಸುವ ಕಟ್ಟಿಗೆಗಳನ್ನು ಮಗನತ್ತ ಚಾಚಿದ್ದರು.

"ಬಾ, ಕುಂಡ್ರು. ಕಲಸ್ತೀನಿ."

"ಈಗ ಯಾಕ, ಅಪ್ಪಾ," ಎಂದ ಭರತ. ಆದರೂ ಅವರ ಕೈ ಚಾಚಿಕೊಂಡೇ ಇತ್ತು.