ಐದು ಗಂಟೆಯ ಸ್ವಿಚ್ಚು

"ಮೇಡಂ, ಇವತ್ತರ ಕಂಪ್ಯೂಟರ್ ಆನ್ ಇಟ್ಟು ಹೋಗ್ರಿ. ಸಂಜಿ ಇಲ್ಲಿಂದನ ಅಪ್‌ಡೇಟ್ ಕಳಸ್ತೀನಿ."

ವಿಶ್ವವಿದ್ಯಾಲಯದ ಬಳ್ಳಾರಿ ಕಚೇರಿಯಿಂದ ಭೀಮರಾಜ ಹೀಗೆ ಫೋನ್ ಮಾಡಿದಾಗಲೆಲ್ಲ "ಹೂಂ ರೀ" ಎನ್ನುತ್ತಿದ್ದೆ. ಐದಕ್ಕೆ ಕುರುಗೋಡಿನ ನಮ್ಮ ಅಧ್ಯಯನ ಕೇಂದ್ರದ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತಿದ್ದೆ. ಅಲ್ಲಿಂದ ಕಳಿಸಿದ್ದು ಇಲ್ಲಿಗೆ ಮುಟ್ಟದಿದ್ದರೆ ಗುರುವಾರ ಅವನೇ ಬಸ್ಸು ಹತ್ತಿ ಬರಬೇಕಿತ್ತು.

ಬರುತ್ತಿದ್ದ. ಸಿರುಗುಪ್ಪದ ಹುಡುಗ. ಅಂಗಿಯ ತೋಳು ಮಡಚಿ ನನ್ನ ಕುರ್ಚಿಯಲ್ಲೇ ಕೂರುತ್ತಿದ್ದ. ಪರದೆಯ ಮೇಲೆ ಶೇಕಡಾ ನಲವತ್ತು, ಐವತ್ತೆರಡು... ನೂರಾಗದಿರಲಿ ಎಂದು ಹಿಂದೆ ನಿಂತು ಬೇಡಿಕೊಳ್ಳುತ್ತಿದ್ದೆ.

"ನಿಮ್ಮ ಕಂಪ್ಯೂಟರ್ ಭಾಳ ಹಟಮಾರಿ ಐತ್ರಿ, ಪೂಜಿತಾ ಮೇಡಂ."

"ಹೂಂ ರೀ."

"ಹೂಂ ರೀ ಬಿಟ್ಟು ಬ್ಯಾರೆ ಮಾತು ಕಲ್ತಿಲ್ಲೇನ್ರಿ?"

ನಕ್ಕೆ. ಅವನು ತಿರುಗಿ ನೋಡಿದ. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ.

ಹೋಗುವಾಗ ಮಾತ್ರ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. "ಅಪ್‌ಡೇಟ್ ಇಲ್ದ ಇಡಬ್ಯಾಡ್ರಿ. ಚಿಲಕ ಹಾಕದ ಮನಿ ಇದ್ದಂಗ ಅದು. ಯಾವನಾರ ಒಳಗ ಬರ್ತಾನ."

ಮುಂದಿನ ಗುರುವಾರ ಸಿರುಗುಪ್ಪ ಕೇಂದ್ರದಲ್ಲಿ ಕೆಲಸ ಬಿದ್ದು ಅವನು ಬರಲಿಲ್ಲ. "ಇದು ದೊಡ್ಡ ಅಪ್‌ಡೇಟ್, ಖರೇನ ಆನ್ ಇಡ್ರಿ" ಎಂದು ಎರಡು ಸಲ ಫೋನ್ ಮಾಡಿದ. ಎರಡು ಸಂಜೆಯೂ ಸ್ವಿಚ್ಚು ಇಳಿಸಿದೆ. ಇನ್ನೊಂದು ಗುರುವಾರದ ಆಸೆ.

ಸೋಮವಾರ ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ. ಮುನ್ನೂರು ವಿದ್ಯಾರ್ಥಿಗಳ ಅಂಕಗಳಿದ್ದಲ್ಲಿ ಅರ್ಥವಿಲ್ಲದ ಅಕ್ಷರಗಳು. ಪರದೆಯ ನಡುವೆ, ದುಡ್ಡು ಕೊಟ್ಟರಷ್ಟೇ ಫೈಲು ಬಿಡುತ್ತೇವೆಂದು ಮುಖವಿಲ್ಲದ ಯಾರದೋ ಬೆದರಿಕೆಯ ಎರಡು ಸಾಲು. ಹೊರಗೆ ಬಿಸಿಲು ಸುಡುತ್ತಿತ್ತು. ಬಳ್ಳಾರಿ ಕಚೇರಿಗೆ ಫೋನ್ ಮಾಡಿದೆ.

ಮಧ್ಯಾಹ್ನ ಭೀಮರಾಜ ಬಂದ. ಜೊತೆಗೆ ಅವನ ಮೇಲಧಿಕಾರಿ ಚಿದಾನಂದಪ್ಪನವರು.

"ಇಷ್ಟು ದಿನ ಅಪ್‌ಡೇಟ್ ಯಾಕ ಆಗಿಲ್ಲಪಾ? ನಿನ್ನ ಕಾಂಟ್ರ್ಯಾಕ್ಟ್ ಇಲ್ಲಿಗೇ ಮುಗೀತು ಅಂತ ತಿಳ್ಕೋ."

"ಕರೆಂಟ್ ಹೋಗಿತ್ತು ಸರ್." ಅವನು ನನ್ನತ್ತ ನೋಡಲಿಲ್ಲ.

"ರೆಕಾರ್ಡ್ ನೋಡೀನಿ. ದಿನಾ ಬರೋಬ್ಬರಿ ಐದಕ್ಕ ಹೋಗತೈತೇನಲೇ?"

ನಾನು ಮುಂದೆ ಬಂದೆ. "ನಾನ ಆರಿಸ್ತಿದ್ದೆ ಸರ್."

"ಯಾಕವ್ವಾ?"

"ಇವ್ರು ಬರ್ಲಿ ಅಂತ."

ಚಿದಾನಂದಪ್ಪನವರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. "ಹೇಳಿದ್ದನ್ನ ಬರದು ಸಹಿ ಹಾಕು. ಮ್ಯಾಲೆ ಕಳಸಬೇಕು. ನಿನ್ನ ಕೆಲಸ ಉಳೀತೈತಿ ಅನ್ನಂಗಿಲ್ಲ." ಫೋನ್ ಹಿಡಿದು ಹೊರಗೆ ಹೋದರು.

ಹಾಳೆ ಎಳೆದುಕೊಂಡು ಬರೆದು ಸಹಿ ಹಾಕಿದೆ.

"ನನಗ ಗೊತ್ತಿತ್ರಿ," ಎಂದ ಭೀಮರಾಜ ಮೆಲ್ಲಗೆ. "ಐದು ಗಂಟಿ ಎರಡು ನಿಮಿಷಕ್ಕ ಆಫ್ ಆಗೂದು ದಿನಾ ಬಳ್ಳಾರಿಯಾಗ ನನ್ನ ಪರದೆ ಮ್ಯಾಲೆ ಕಾಣ್ತಿತ್ತು."

"ಮತ್ತ ಯಾಕ ಕೇಳ್ಲಿಲ್ಲ?"

"ಕೇಳಿದ್ರ ನೀವು ಆನ್ ಇಡ್ತಿದ್ರಿ."

ತಲೆ ಎತ್ತಿದೆ. ಅವನು ನಗುತ್ತಿರಲಿಲ್ಲ. ನನ್ನ ಬೆರಳುಗಳ ನಡುವಿನಿಂದ ಪೆನ್ನು ಬಿಡಿಸಿಕೊಂಡು, ನನ್ನ ಸಹಿಯ ಕೆಳಗೆ 'ಇದು ನನಗೆ ಮೊದಲೇ ತಿಳಿದಿತ್ತು' ಎಂದು ಬರೆದ.

"ಬ್ಯಾಡ್ರಿ, ಬರೀಬ್ಯಾಡ್ರಿ..."

ಹೊರಗೆ ಫೋನಿನ ಮಾತು ನಿಂತಿತು. ಬೂಟುಗಳ ಸದ್ದು ಬಾಗಿಲತ್ತ ಬರತೊಡಗಿತು. ಭೀಮರಾಜ ಅವಸರವಿಲ್ಲದೆ ತನ್ನ ಪೂರ್ತಿ ಹೆಸರು ಬರೆದು ಮುಗಿಸಿದ.