ಹಸಿರು ದೀಪದ ಸುಳ್ಳು

ಬಾಗಿಲು ಬಡಿದ ಸದ್ದು.

ಬೆರಳಿನಿಂದಲ್ಲ... ಮುಷ್ಟಿಯಿಂದ.

ಕತ್ತಲಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಆ ಸಂಜೆ ನನ್ನ ಮನೆಗೆ ಬಂದಿದ್ದ ಅಕ್ಕ ಅಡುಗೆಮನೆಯಲ್ಲಿ ಕೈಯಲ್ಲಿದ್ದ ಲೋಟವನ್ನು ಸದ್ದಿಲ್ಲದೆ ಕೆಳಗಿಟ್ಟಳು. ನಾನು ಸರಪಳಿ ಬಿಡಿಸದೆ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದೆ.

ಗಡ್ಡದವನೊಬ್ಬ. ಬೆನ್ನಿಗೆ ಇನ್ನಿಬ್ಬರು. ಎದೆಯ ಮೇಲೆ ಅಕ್ಕನ ಕಂಪನಿಯ ಸೆಕ್ಯುರಿಟಿ ಬ್ಯಾಡ್ಜ್.

“ನಿಮ್ಮಕ್ಕನ್ನ ಕರೀರಿ ಮೇಡಂ.”

“ಇಲ್ಲಿಲ್ಲ.”

“ಇಲ್ಲೇ ಇದಾರೆ ಅಂತ ಗೊತ್ತಾಗೇ ಬಂದಿರೋದು. ಒಂದು ಸಹಿ ಬೇಕು, ಅಷ್ಟೆ.”

“ಯಾರು ಹೇಳಿದ್ದು ನಿಮಗೆ?”

“ಬಾಗಿಲು ಒಡೆಯೋಕೆ ಅದೆಲ್ಲ ಬೇಕಾಗಲ್ಲ.”

ಅವನು ಬೂಟುಗಾಲನ್ನು ಸಂದಿಗೆ ತೂರಿಸಿದ. ನಾನು ಮೈಭಾರವನ್ನೆಲ್ಲ ಬಾಗಿಲಿಗೆ ಕೊಟ್ಟೆ. ಅವನು ಅರಚಿದ. ಕಾಲು ಹಿಂದಕ್ಕೆ ಹೋಯಿತು.

“ಹಿಂದಿನ ಮೆಟ್ಟಿಲು,” ಎಂದೆ ಅಕ್ಕನಿಗೆ. “ಸ್ಕೂಟರ್ ಕೀ ತಗೋ.”

ಕೆಟ್ಟು ಕೂತ ಡೇಟಾಬೇಸ್‌ಗಳನ್ನು ಸರಿಪಡಿಸುವುದು ನನ್ನ ಹೊಟ್ಟೆಪಾಡು. ಯಾವ ಕಂಪನಿಯ ಸಂಬಳದವಳೂ ಅಲ್ಲ. ಕರೆದಲ್ಲಿಗೆ ಹೋಗುತ್ತೇನೆ, ಬಗ್‌ನ ಕತ್ತು ಹಿಡಿದು ಹೊರಗೆಳೆಯುತ್ತೇನೆ, ಬರುತ್ತೇನೆ. ಅಂದು ಯಾರೂ ಕರೆದಿರಲಿಲ್ಲ. ಅಂದು ನನಗೆ ಬರೀ ಮೈ ಉರಿಯುತ್ತಿತ್ತು.

ಯಾಕೆಂದು ಹೇಳುತ್ತೇನೆ, ಕೇಳಿ.

ಅಕ್ಕನ ಕಂಪನಿ ಡೇಟಾಬೇಸ್ ಸರ್ವರ್ ತಯಾರಿಸುತ್ತದೆ. ಆಸ್ಪತ್ರೆಗಳು ರೋಗಿಗಳ ವಿವರವನ್ನು ಅದರಲ್ಲಿಡುತ್ತವೆ. ಒಂದು ಆಸ್ಪತ್ರೆಯಲ್ಲಿ, ಈ ಮಗುವಿಗೆ ಈ ಔಷಧ ಒಗ್ಗದು ಎಂದು ನರ್ಸ್ ದಾಖಲಿಸಿದಳು. ದಾಖಲಾಯಿತು ಎಂದು ಸರ್ವರ್ ಮಾತು ಕೊಟ್ಟಿತು. ಮರುಕ್ಷಣವೇ ಕರೆಂಟ್ ಹೋಯಿತು. ಮತ್ತೆ ಬಂತು. ಸರ್ವರ್ ಎದ್ದು ಕೂತಾಗ ಆ ಸಾಲು ಮಾಯವಾಗಿತ್ತು. ಮುಂದಿನ ಪಾಳಿಯ ನರ್ಸ್ ಅದೇ ಔಷಧವನ್ನು ಚುಚ್ಚಿದಳು.

ಆ ಪುಟ್ಟ ಹುಡುಗಿ ಈಗ ಯಂತ್ರದ ಉಸಿರಿನ ಮೇಲಿದ್ದಾಳೆ.

ಇಂಥದ್ದು ಆಗಬಾರದೆಂದೇ ಅಕ್ಕ ಒಂದು ಟೆಸ್ಟ್ ಬರೆದಿದ್ದಳು. ಒಂದು ಸಾಲು ಸೇರಿಸು. ಸರ್ವರನ್ನು ಥಟ್ಟನೆ ಕೊಲ್ಲು. ಎಬ್ಬಿಸು. ಸಾಲು ಉಳಿದಿದೆಯೇ ನೋಡು. ಟೆಸ್ಟಿನ ಪಕ್ಕದಲ್ಲೊಂದು ಸರಿಯುತ್ತರದ ಫೈಲ್ ಇರುತ್ತದೆ. ಸರ್ವರಿನ ಉತ್ತರ ಅದಕ್ಕೆ ಹೊಂದಿದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಕೋಡಿನಲ್ಲಿ ಯಾರು ಏನೇ ಮುಟ್ಟಲಿ, ಹಳೆಯ ಟೆಸ್ಟ್‌ಗಳೆಲ್ಲ ಮತ್ತೆ ಓಡಲೇಬೇಕು. ರಿಗ್ರೆಶನ್ ಟೆಸ್ಟ್ ಎಂದರೆ ಇಷ್ಟೇ. ಕೆಂಪಿದ್ದರೆ ಹೊಸ ವರ್ಶನ್‌ಗೆ ಬಿಡುಗಡೆಯಿಲ್ಲ.

ಯಾರೋ ಸರಿಯುತ್ತರವನ್ನೇ ತಿದ್ದಿದ್ದರು. ‘ಒಂದು ಸಾಲು’ ಎಂದಿದ್ದಲ್ಲಿ ‘ಸೊನ್ನೆ’. ಹುಡುಗ ಫೇಲಾದನೆಂದು ಸರಿಯುತ್ತರವನ್ನೇ ಬದಲಿಸಿದ ಹಾಗೆ. ಬಗ್ ಹಸಿರು ದೀಪದಡಿಯಲ್ಲಿ ಆರಾಮಾಗಿ ಆಸ್ಪತ್ರೆಯವರೆಗೆ ನಡೆದುಹೋಯಿತು.

ತಿದ್ದಿದ್ದು ಅಕ್ಕನ ಲಾಗಿನ್‌ನಿಂದ. ಅದು ಆ ಮಧ್ಯಾಹ್ನ ಬಯಲಾಗಿತ್ತು. ಫೈಲನ್ನು ಸರಿಪಡಿಸಲು ಒಬ್ಬನಿಗೂ ಪುರುಸೊತ್ತಿರಲಿಲ್ಲ. ತಪ್ಪೊಪ್ಪಿಗೆಗೆ ಅಕ್ಕನ ಸಹಿ ಹುಡುಕಿಕೊಂಡು ಬರಲು ಮೂವರಿಗಿತ್ತು.

ಸ್ಕೂಟರ್ ಗಲ್ಲಿಗೆ ನುಗ್ಗಿತು. ಹಿಂದೆ ಕಾರಿನ ಬೆಳಕು. ನಾನು ಮಾರುಕಟ್ಟೆಯ ಹಿಂಬದಿಯ ಇಕ್ಕಟ್ಟಿಗೆ ತಿರುಗಿಸಿದೆ. ಪೇರಿಸಿಟ್ಟ ಖಾಲಿ ಕ್ರೇಟುಗಳು ಉರುಳಿದವು. ಕಾರು ಆ ಇಕ್ಕಟ್ಟಿನ ಬಾಯಿಯಲ್ಲೇ ಸಿಕ್ಕಿಕೊಂಡು ಹಾರ್ನ್ ಬಾರಿಸುತ್ತ ನಿಂತಿತು.

ಜೇಬಿನಲ್ಲಿ ಫೋನ್. ಭಾವ. ಅದೇ ಕಂಪನಿಯಲ್ಲಿ ಬಿಡುಗಡೆ ವಿಭಾಗದ ಮುಖ್ಯಸ್ಥರು.

“ನಿನ್ನ ಜೊತೇಲೇ ಇದಾಳೆ ತಾನೆ? ಸಹಿ ಹಾಕಿಸಿಬಿಡಮ್ಮ. ನಾನಿದೀನಲ್ಲ, ಮುಂದಿಂದು ನೋಡ್ಕೋತೀನಿ.”

“ಮಾಡದ ತಪ್ಪಿಗಾ ಭಾವ?”

“ಹಟ ಮಾಡೋ ಹೊತ್ತಲ್ಲ ಇದು. ನಾಳೆ ಬೆಳಗ್ಗೆ ಹೊಸ ವರ್ಶನ್ ಎಲ್ಲ ಆಸ್ಪತ್ರೆಗಳಿಗೂ ಹೋಗ್ಬೇಕು.”

“ಅದೇ ಬಗ್ ಇಟ್ಕೊಂಡು?”

ಫೋನ್ ಕಟ್ಟಾಯಿತು. ನಾನು ಹಲ್ಲು ಕಚ್ಚಿ ಆಕ್ಸಿಲರೇಟರ್ ತಿರುವಿದೆ.

ಸಹಿ ಬೀಳುವ ತನಕ ಅಕ್ಕನನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಹಾಗಾಗಿ ಅವಳ ಕಾರ್ಡ್ ಇನ್ನೂ ಆಫೀಸಿನ ಬಾಗಿಲು ತೆರೆಯಿತು. ಪಾಸ್‌ವರ್ಡ್ ಕೂಡ ಜೀವಂತವಿತ್ತು. ಟೆಸ್ಟಿಂಗ್ ರೂಮು ಖಾಲಿ. ಗೋಡೆಯ ಮೇಲೆ ದಪ್ಪ ಗಾಜಿನ ದೀಪ ಹಸಿರಾಗಿ ಉರಿಯುತ್ತಿತ್ತು. ಅದರ ಮುಖಕ್ಕೆ ಉಗಿಯಬೇಕೆನಿಸಿತು.

“ಯಾರು ತಿದ್ದಿದ್ದು ಅಂತ ಹುಡುಕೋಣ,” ಎಂದಳು ಅಕ್ಕ.

“ಹುಡುಕೋದು ಬೇಡ. ಬರ್ತಾರೆ.”

ಸೊನ್ನೆಯನ್ನು ಅಳಿಸಿದೆ. ‘ಒಂದು ಸಾಲು’ ಎಂದು ಮೊದಲಿನಂತೆ ಬರೆದೆ. ಟೆಸ್ಟ್ ಓಡಿಸಿದೆ. ಸರ್ವರ್ ಸತ್ತಿತು, ಎದ್ದಿತು, ಸುಳ್ಳು ಹೇಳಿತು.

ದೀಪ ಕೆಂಪಾಯಿತು.

ಬಿಡುಗಡೆಗೆ ಕೈಹಾಕಿದ ಪ್ರತಿಯೊಬ್ಬರ ಫೋನಿಗೂ ಆ ಕ್ಷಣದಲ್ಲೇ ಸುದ್ದಿ ಹೋಯಿತು. ನಾಳೆಯ ಬಿಡುಗಡೆ ಬೇಕೇ ಬೇಕು ಎನ್ನುವವನು ಈಗ ಮತ್ತೊಮ್ಮೆ ತಿದ್ದಲೇಬೇಕು.

ಬಾಗಿಲು ದಡಾರನೆ ತೆರೆಯಿತು. ಕುಂಟುತ್ತ ಗಡ್ಡ. ಅವನ ಮುಂದೆ ಡೈರೆಕ್ಟರ್. ಆಫೀಸಿನಲ್ಲೆಲ್ಲ ಆತನಿಗೆ ಇಸ್ತ್ರಿ ಎಂದು ಹೆಸರು. ಅಂಗಿಯಲ್ಲೂ ಸುಕ್ಕಿಲ್ಲ, ಮುಖದಲ್ಲೂ ಇಲ್ಲ. ಕೈಯಲ್ಲಿ ಟೈಪಾದ ಹೇಳಿಕೆ.

“ಸಹಿ ಹಾಕಮ್ಮ. ಮನೆಗೆ ಹೋಗು.”

“ಆ ಹುಡುಗಿ ಮನೆಗೆ ಹೋಗೋದು ಯಾವಾಗ ಸಾರ್?” ಅಕ್ಕ ಕೇಳಿದಳು.

ಇಸ್ತ್ರಿಯ ಮುಖದಲ್ಲಿ ಮೊದಲ ಸುಕ್ಕು ಬಿತ್ತು.

ನಾನು ವೈರ್ ಕಿತ್ತು ಕೀಬೋರ್ಡನ್ನು ಗಡ್ಡದ ಕೈಗೆ ಕೊಟ್ಟೆ. “ಇದನ್ನ ಹಿಡ್ಕೊಳ್ಳಿ. ಮಗು ಥರ. ಬಿಡಬೇಡಿ.”

“ಏನ್ ನಾಟಕ ಇದು?” ಎಂದ ಇಸ್ತ್ರಿ.

“ನಮ್ಮಕ್ಕನ ಕೈ ನೋಡ್ತಾ ಇರಿ ಸಾರ್. ಆಮೇಲೆ ಆ ದೀಪ ನೋಡಿ.”

ಅಕ್ಕ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹರಡಿದಳು. ಏಸಿ ಗೊಣಗುತ್ತಿತ್ತು. ಗಡ್ಡ ಕೀಬೋರ್ಡನ್ನು ನಿಜಕ್ಕೂ ಕೂಸಿನಂತೆ ಎದೆಗವಚಿ ನಿಂತಿದ್ದ.

ಕೆಂಪು...

ಕೆಂಪು...

ಹಸಿರು.

ಅಕ್ಕನ ಬೆರಳು ಅಲುಗಿರಲಿಲ್ಲ.

ಇಸ್ತ್ರಿ ದೀಪವನ್ನು ನೋಡಿದ, ಅಕ್ಕನ ಕೈಗಳನ್ನು ನೋಡಿದ. “ಇದು... ಹೇಗೆ?”

ಕೀಬೋರ್ಡನ್ನು ಕಿತ್ತುಕೊಂಡು ಸಿಕ್ಕಿಸಿ, ಈಗಷ್ಟೇ ಫೈಲ್ ತಿದ್ದಿದವರ ದಾಖಲೆ ತೆರೆದೆ. ತಿದ್ದಿದ ಲಾಗಿನ್ ಅಕ್ಕನದೇ. ಆದರೆ ಬಂದ ದಾರಿ ಬೇರೆ. ಪರದೆಯ ಮೇಲೆ ಮೂಡಿದ ವಿಳಾಸವನ್ನು ಅಕ್ಕನೇ ನನಗಿಂತ ಮೊದಲು ಗುರುತಿಸಿದಳು. ಅವಳ ಮನೆಯ ಇಂಟರ್‌ನೆಟ್.

ಅವಳು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು.

ನಾನು ಗಡ್ಡದ ಕಡೆ ತಿರುಗಿದೆ. “ಇವಳು ನಮ್ಮನೇಲಿದ್ದಾಳೆ ಅಂತ ನಿಮಗೆ ಹೇಳಿದ್ದು ಯಾರು?”

ಗಡ್ಡ ಬಾಯಿ ತೆರೆದ. ಅಕ್ಕ ಕೈಯೆತ್ತಿ ತಡೆದಳು.

“ನೀವು ಹೇಳ್ಬೇಡಿ. ನಾನು ಇವಳ ಮನೆಗೆ ಹೋಗಿದ್ದು ಒಬ್ಬರಿಗೆ ಮಾತ್ರ ಗೊತ್ತಿತ್ತು. ಪೆನ್ ಕೊಡಿ ಸಾರ್.”

ಇಸ್ತ್ರಿ ಕೊಟ್ಟ. ಹೇಳಿಕೆಯಲ್ಲಿ ‘ಉತ್ತರ ತಿದ್ದಿದವರು’ ಎಂಬುದರ ಮುಂದೆ ಅಕ್ಕನ ಹೆಸರನ್ನು ಮೊದಲೇ ಟೈಪು ಮಾಡಿದ್ದರು. ಅವಳು ಅದರ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೆರೆಯೆಳೆದಳು. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಎರಡೇ ಪದ ಬರೆದು, ಕೆಳಗೆ ಅವರು ಬೇಡಿದ್ದ ಸಹಿಯನ್ನೂ ಹಾಕಿಕೊಟ್ಟಳು.

‘ನನ್ನ ಗಂಡ.’